ಮೊಣಕಾಲು, ಎದೆ, ಹೆಗಲು

ನಮ್ಮೂರಿನ ಹಣಮಪ್ಪನ ಗುಡಿಯ ಮುಂದೆ, ಬೇವಿನ ಗಿಡದ ಬುಡದಲ್ಲಿ ಮೂರು ಕಲ್ಲುಗುಂಡುಗಳಿವೆ. ಸೇಡಂ ಬಿಟ್ಟು ಚಿತ್ತಾಪುರದ ಕಡೆ ಹೋಗುವಾಗ ನಡುವೆ ಬಸ್ಸಿಳಿದು, ತೊಗರಿ ಹೊಲಗಳ ಬದುವಿನ ಮೇಲೆ ಅರ್ಧ ತಾಸು ನಡೆದರೆ ಊರು ಸಿಗುತ್ತದೆ. ಚಿಕ್ಕ ಗುಂಡು ಹುಡುಗರ ಪಾಲಿನದು. ನಡುವಿನದು ಮೀಸೆ ಚಿಗುರಿದವರದು. ದೊಡ್ಡದು ವರ್ಷದ ಬಹುಪಾಲು ನೆಲ ಕಚ್ಚಿಕೊಂಡೇ ಇರುತ್ತದೆ; ಅದರ ಬುಡದಲ್ಲಿ ಇರುವೆಗಳು ಗೂಡು ಮಾಡಿರುತ್ತವೆ. ಕಾರಹುಣ್ಣಿಮೆಗೋ ಜಾತ್ರೆಗೋ ಯಾರಾದರೂ ಅದಕ್ಕೆ ಕೈ ಹಾಕಿದಾಗ, ಆ ಇರುವೆಗಳು ದಿಕ್ಕೆಟ್ಟು ಓಡತೊಡಗಿದ ಕೂಡಲೇ ನಾವು ಹುಡುಗರು "ಎದ್ದಿತು, ಎದ್ದಿತು" ಎಂದು ಕೂಗುತ್ತಿದ್ದೆವು. ಕಲ್ಲು ನೆಲ ಬಿಟ್ಟಿದ್ದು ಕಣ್ಣಿಗೆ ಕಾಣುವ ಮುಂಚೆಯೇ ಇರುವೆಗಳಿಗೆ ತಿಳಿಯುತ್ತಿತ್ತು.

ನಡುವಿನ ಗುಂಡಿಗೆ ನಾನು ಮೊದಲ ಸಲ ಕೈ ಹಾಕಿದ್ದು 16ನೇ ವಯಸ್ಸಿನಲ್ಲಿ. ಕಾಲು ಅಗಲಿಸಿ ನಿಂತು, ಬಾಗಿ, ಬೆರಳುಗಳನ್ನು ಕಲ್ಲಿನ ಬುಡಕ್ಕೆ ತುರುಕಿ ಜಗ್ಗಿದೆ. ಟೊಂಕದಲ್ಲಿ ಚುರ್ ಎಂದಿತೇ ಹೊರತು ಕಲ್ಲು ಮಿಸುಕಲಿಲ್ಲ. ಕಟ್ಟೆಯ ಮೇಲೆ ಕೂತಿದ್ದ ಮುತ್ಯಾ ಇಳಿದು ಬಂದ. ಒಂದು ಹಿಡಿ ಒಣಮಣ್ಣು ತೆಗೆದು ನನ್ನ ಅಂಗೈಗೆ, ಮುಂಗೈಗೆ, ಆಮೇಲೆ ಎದೆಗೂ ಒರೆಸಿದ. "ತಮ್ಮಾ, ಕಲ್ಲಿನ ಜೋಡಿ ಜಗಳ ಮಾಡಬ್ಯಾಡ. ತೆಕ್ಕಿಗಿ ತಗೋ," ಎಂದ. ಕಲ್ಲನ್ನು ತುಸು ವಾಲಿಸಿ ಬೆರಳು ಒಳಗೆ ಸರಿಸಬೇಕು. ಕಾಲಿಗೆ ಹತ್ತಿಸಿಕೊಂಡು ಹೊರಳಿಸುತ್ತ ತೊಡೆಗಳ ಮೇಲೆ ತಂದು, ಕೂಸನ್ನು ಕೂಡಿಸಿಕೊಂಡಂತೆ ಕೂಡಿಸಿಕೊಳ್ಳಬೇಕು. ಅಲ್ಲಿ ಒಂದು ಉಸಿರು. ಅಲ್ಲಿಂದ ಕೈಗಳ ಹಿಡಿತ ಬದಲಿಸಿ, ಎದೆಗೆ ಒತ್ತಿ ಹಿಡಿದು, ಕಾಲಿನ ಬಲದಿಂದ ಏಳಬೇಕು. ಆ ಸಂಜೆ ಕಲ್ಲು ನನ್ನ ತೊಡೆಯ ತನಕ ಬಂತು. ಎದೆಗೆ ಬರಲು ಮತ್ತೆ ಎರಡು ವರ್ಷ ಹಿಡಿಯಿತು.

ಈ ಆಟಕ್ಕೆ ನಮ್ಮೂರಲ್ಲಿ ಬರೆದಿಟ್ಟ ನಿಯಮವಿಲ್ಲ. ಆದರೂ ನಿಯಮ ಎಲ್ಲರಿಗೂ ಗೊತ್ತು. ನೆಲ ಬಿಟ್ಟರೆ 'ಅಲುಗಿಸಿದ' ಅನ್ನುತ್ತಾರೆ. ಮೊಣಕಾಲು ದಾಟಿದರೆ ಹೆಸರು ಹಿಡಿದು ಕರೆಯುತ್ತಾರೆ. ಎದೆಗೆ ಬಂದರೆ ಚಪ್ಪಾಳೆ. ಹೆಗಲಿಗೇರಿಸಿ ಬೆನ್ನ ಹಿಂದೆ ಒಗೆದರೆ ಹಲಗೆ ಬಡಿಯುತ್ತಾರೆ, ರುಮಾಲು ಸುತ್ತುತ್ತಾರೆ. ಕಲ್ಲಿನ ತೂಕ ಎಷ್ಟೆಂದು ಯಾರೂ ಕೇಳುವುದಿಲ್ಲ. ಆ ಕಲ್ಲು ಮೈಯಲ್ಲಿ ಎಲ್ಲಿಯ ತನಕ ಬಂತು ಎಂಬುದೇ ಅಳತೆ.

ಈ ಅಳತೆ ಎಷ್ಟು ಜಾಣತನದ್ದು ಎಂದು ನನಗೆ ಅರ್ಥವಾಗಿದ್ದು ಬಹಳ ತಡವಾಗಿ, ಅದೂ ಒಂದು ಹಿಡಿ ದಾಳಗಳಿಂದ.

ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುವ ನನ್ನ ಸೋದರಳಿಯ ರಜೆಗೆ ಬಂದಾಗ ಚೀಲದಲ್ಲಿ ಆ ದಾಳಗಳನ್ನು ತಂದಿದ್ದ. ನಾಲ್ಕು ಮುಖದವು, ಎಂಟು ಮುಖದವು, 20 ಮುಖದ್ದೂ ಒಂದು. ಮೇಜಿನ ಸುತ್ತ ಕೂತು ಆಡುವ ಪಾತ್ರದ ಆಟವದು. ಒಬ್ಬ ಕಥೆ ನಡೆಸುತ್ತಾನೆ. ಉಳಿದವರು ಒಂದೊಂದು ಪಾತ್ರವಾಗಿ ಆ ಕಥೆಯೊಳಗೆ ಇಳಿಯುತ್ತಾರೆ. ಯಾವ ಪಾತ್ರ ಏನು ಮಾಡಿತು ಎಂದು ಆಡುವವರು ಬಾಯಲ್ಲಿ ಹೇಳುತ್ತಾರೆ; ಅದು ಸಾಧ್ಯವಾಯಿತೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಈ ಜಾತಿಯ ಆಟಗಳ ಮೂಲ. ಅದರಲ್ಲಿ ಪ್ರತಿ ಪಾತ್ರಕ್ಕೂ 'ಶಕ್ತಿ' ಎಂಬ ಒಂದು ಅಂಕಿ ಇರುತ್ತದೆ. ಸಾಧಾರಣ ಮನುಷ್ಯನಿಗೆ 10, ಅತಿ ಬಲಿಷ್ಠನಿಗೆ 20.

"ಮಾಮಾ, ನಿಮ್ಮ ಗುಂಡು ನನ್ನ ಕಥಿಯೊಳಗ ಇಡ್ತೀನಿ. ಎತ್ತೋ ನಿಯಮ ಇದರಾಗ ಅದ," ಎಂದ. ಈಗ ಚಾಲ್ತಿಯಲ್ಲಿರುವ ನಿಯಮ ಹೀಗಿದೆ. ಕಥೆ ನಡೆಸುವವನು ಕೆಲಸಕ್ಕೆ ಒಂದು ಕಷ್ಟದ ಅಂಕಿ ಕೊಡುತ್ತಾನೆ, ಗುಂಡಿಗೆ 15 ಎನ್ನೋಣ. ಆಡುವವನು 20 ಮುಖದ ದಾಳ ಒಗೆದು, ಬಂದ ಅಂಕಿಗೆ ತನ್ನ ಬಲದ ಹೆಚ್ಚುವರಿ ಅಂಕ ಕೂಡಿಸುತ್ತಾನೆ. ಶಕ್ತಿ 10 ಇದ್ದವನಿಗೆ ಹೆಚ್ಚುವರಿ ಏನೂ ಇಲ್ಲ. ಶಕ್ತಿ 20 ಇದ್ದವನಿಗೆ 5 ಅಂಕ. ಒಟ್ಟು 15 ಮುಟ್ಟಿದರೆ ಕಲ್ಲು ಎದ್ದಂತೆ.

ನಾನು ಹಾಳೆಯ ಹಿಂಬದಿಯಲ್ಲಿ ಲೆಕ್ಕ ಹಾಕಿದೆ. ಸಾಧಾರಣದವನಿಗೆ 15ರಿಂದ 20ರವರೆಗೆ ಆರು ಮುಖಗಳು ಗೆಲುವಿನವು, ಅಂದರೆ ಶೇ. 30. ಪೈಲ್ವಾನನಿಗೆ 10ರಿಂದ 20ರವರೆಗೆ ಹನ್ನೊಂದು ಮುಖ, ಶೇ. 55. ಹಾಗಾದರೆ ಪೈಲ್ವಾನ ಸೋತ ಕಲ್ಲನ್ನು ಪಕ್ಕದ ಕಿರಾಣಿ ಅಂಗಡಿಯವನು ಎತ್ತಿಬಿಡುವುದು ಈ ಆಟದಲ್ಲಿ ಅಪರೂಪವೇನಲ್ಲ. ಇಬ್ಬರನ್ನೂ ನೇರ ಎದುರುಬದುರು ನಿಲ್ಲಿಸಿ ದಾಳ ಒಗೆಸಿದರೆ ಸಾಧ್ಯವಿರುವ 400 ಜೋಡಿಗಳಲ್ಲಿ 105 ಅಂಗಡಿಯವನ ಪಾಲಿಗೆ ಬೀಳುತ್ತವೆ. ನಾಲ್ಕರಲ್ಲಿ ಒಂದಕ್ಕಿಂತ ಹೆಚ್ಚು ಸಲ ಅವನೇ ಗೆಲ್ಲುತ್ತಾನೆ. ನಮ್ಮೂರ ಗುಡಿಯ ಮುಂದೆ ಎಷ್ಟೋ ಕಾರಹುಣ್ಣಿಮೆ ಕಂಡಿದ್ದೇನೆ. ಅಂಥ ಅಚ್ಚರಿ ಒಂದು ಸಲವೂ ಆಗಿಲ್ಲ.

ಕತ್ತಿ ಬೀಸುವುದಕ್ಕೆ, ಕದ್ದು ನುಸುಳುವುದಕ್ಕೆ ಈ ದಾಳ ಸರಿಯಿರಬಹುದು. ಅಲ್ಲಿ ಎದುರಾಳಿ, ಕತ್ತಲೆ, ಕಾಲಿನ ಕೆಳಗಿನ ತರಗೆಲೆ ಎಲ್ಲವೂ ಆಕಸ್ಮಿಕಗಳು. ಭಾರ ಎತ್ತುವುದರಲ್ಲಿ ಆಕಸ್ಮಿಕಕ್ಕೆ ಜಾಗ ಬಹಳ ಕಿರಿದು. ಪಳಗಿದವನ ಬಲ ಇವತ್ತಿಗೂ ನಾಳೆಗೂ ನೂರಕ್ಕೆ ಕೆಲವೇ ಪಾಲು ಹೆಚ್ಚುಕಮ್ಮಿ ಆಗುತ್ತದೆ. 80 ಕೆ.ಜಿ.ಯನ್ನು ಹೆಗಲಿಗೆ ಹಾಕುವವನು 50 ಕೆ.ಜಿ.ಯನ್ನು ನೂರು ಸಲದಲ್ಲಿ ನೂರು ಸಲವೂ ಹಾಕುತ್ತಾನೆ, 120 ಕೆ.ಜಿ.ಯನ್ನು ನೂರರಲ್ಲಿ ಒಂದು ಸಲವೂ ಹಾಕಲಾರ. ದಾಳಕ್ಕೆ ಕೆಲಸ ಇರುವುದು ನಡುವಿನ ಸಣ್ಣ ಪಟ್ಟಿಯಲ್ಲಿ ಮಾತ್ರ.

ಹಳೆಯ ನಿಯಮಗಳನ್ನು ಕೆದಕಿದಾಗ ಅಚ್ಚರಿಯಾಯಿತು. 1978ರ ಪುಸ್ತಕದಲ್ಲಿ ಕಬ್ಬಿಣದ ಸರಳು ಬಾಗಿಸುವುದಕ್ಕೆ, ಕೋಟೆಯ ಬಾಗಿಲು ಎತ್ತುವುದಕ್ಕೆ ಬೇರೆಯೇ ಲೆಕ್ಕವಿತ್ತು. ಶಕ್ತಿ 16ಕ್ಕೆ ನೂರರಲ್ಲಿ 10, 18ಕ್ಕೆ 16, ಅದಕ್ಕೂ ಮೇಲಿನ ಕಟ್ಟಕಡೆಯ ಮೆಟ್ಟಿಲಿಗೆ 40. ಜೊತೆಗೆ ಒಂದು ಷರತ್ತು: ಯತ್ನ ಒಂದೇ ಸಲ, ಆಗಲಿಲ್ಲವೆಂದರೆ ಆ ಪಾತ್ರಕ್ಕೆ ಆ ಬಾಗಿಲು ಎಂದಿಗೂ ಇಲ್ಲ. ಹುಡುಗರಿಗೆ ಇದು ಕ್ರೂರ ಅನ್ನಿಸುತ್ತದೆ. ನನಗೆ ಇದರಲ್ಲಿ ಕಲ್ಲಿನ ಸ್ವಭಾವ ಅರಿತವರ ಕೈ ಕಾಣುತ್ತದೆ, ಏಕೆಂದರೆ ಇಲ್ಲಿ ದಾಳ ಹೇಳುತ್ತಿರುವುದು ನಿನ್ನ ಅದೃಷ್ಟವನ್ನಲ್ಲ, ಈ ಬಾಗಿಲು ನಿನ್ನ ಬಲಕ್ಕೆ ಮೀರಿದ್ದೋ ಅಲ್ಲವೋ ಎಂಬುದನ್ನು. ಅದೇ ಪುಸ್ತಕ ಹೆಣ್ಣು ಪಾತ್ರಗಳ ಶಕ್ತಿಗೆ ಗಂಡಿಗಿಂತ ಕೆಳಗೆ ಗೆರೆ ಎಳೆದಿತ್ತು. ಮುಂದಿನ ಆವೃತ್ತಿಗಳಲ್ಲಿ ಅದು ಹೋಯಿತು. ಹೋಗಬೇಕಾದದ್ದೇ. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಕರ್ಣಂ ಮಲ್ಲೇಶ್ವರಿ 69 ಕೆ.ಜಿ. ವಿಭಾಗದಲ್ಲಿ ಸ್ನ್ಯಾಚ್‌ಗೆ 110, ಕ್ಲೀನ್ ಅಂಡ್ ಜರ್ಕ್‌ಗೆ 130 ಕೆ.ಜಿ. ತಲೆಯ ಮೇಲೆ ಹಿಡಿದು ನಿಂತು ಕಂಚು ತಂದರು. ಆ 130 ಕೆ.ಜಿ.ಯನ್ನು ಮೊಣಕಾಲಿಗೆ ತರಬಲ್ಲ ಗಂಡಸರು ನಮ್ಮೂರಲ್ಲಿ ಬೆರಳೆಣಿಕೆಯಷ್ಟೂ ಇಲ್ಲ.

"ಹಂಗಾದ್ರ ನೀವ ಒಂದು ನಿಯಮ ಬರೀರಿ ಮಾಮಾ," ಎಂದ ಅಳಿಯ. ಒಂದು ಪಟ್ಟಾಪಟ್ಟಿ ನೋಟುಬುಕ್ ತೆಗೆದುಕೊಂಡು ಇಬ್ಬರೂ ಕೂತೆವು.

ಮೊದಲು ಕಲ್ಲು. ನಮ್ಮ ಸೀಮೆಯ ನೆಲದಲ್ಲಿ ಎರಡು ಬಗೆಯ ಕಲ್ಲು ಎದುರುಬದುರಾಗಿವೆ. ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ ಕಡೆಯದು ಸುಣ್ಣದ ಕಲ್ಲು. ಚಿಪ್ಪುಳ್ಳ ಪ್ರಾಣಿಗಳು ಹುಟ್ಟುವ ಮುಂಚಿನ ಒಂದು ಸಮುದ್ರದ ತಳದಲ್ಲಿ ಪದರ ಪದರವಾಗಿ ಕೂತ ಕೆಸರದು. ಅದಕ್ಕೇ ಅದು ಪುಸ್ತಕದ ಹಾಳೆಯಂತೆ ಬಿಚ್ಚಿಕೊಳ್ಳುತ್ತದೆ. ದೇಶದ ನಾನಾ ಕಡೆ ಅಂಗಳಕ್ಕೂ ಅಡುಗೆಮನೆಗೂ ಹಾಸಿದ ಶಹಾಬಾದ್ ಫರ್ಸಿ ಇದೇ. ಹಾಸಲು ಚೆಂದ, ಗುಂಡು ಮಾಡಲು ಆಗದು. ಉತ್ತರಕ್ಕೆ ಚಿಂಚೋಳಿಯ ಕಡೆ ನಡೆದರೆ ಈ ಸುಣ್ಣದ ಕಲ್ಲಿನ ಮೇಲೆ ಸುಮಾರು 6.6 ಕೋಟಿ ವರ್ಷದ ಹಿಂದಿನ ಲಾವಾ ಹರಡಿ ಗಟ್ಟಿಯಾದ ಕಪ್ಪು ಕಲ್ಲು ಸಿಗುತ್ತದೆ. ಈ ಕರಿಗಲ್ಲು ಬಿರುಕು ಬಿಟ್ಟು ಚೌಕಾಕಾರದ ತುಂಡುಗಳಾಗುತ್ತದೆ. ಬಿರುಕಿನಲ್ಲಿ ಮಳೆನೀರು ಇಳಿದು ಕಲ್ಲನ್ನು ಕೊರೆಯುವಾಗ ಮೂಲೆಗೆ ಮೂರು ಕಡೆಯಿಂದ ಪೆಟ್ಟು, ಅಂಚಿಗೆ ಎರಡು ಕಡೆಯಿಂದ, ಮುಖಕ್ಕೆ ಒಂದೇ ಕಡೆಯಿಂದ. ಮೂಲೆ ಬೇಗ ಸವೆಯುತ್ತದೆ. ಉಳ್ಳಾಗಡ್ಡಿ ಸಿಪ್ಪೆಯಂತೆ ಪದರ ಕಳಚಿ ಒಳಗೊಂದು ಗುಂಡು ಉಳಿಯುತ್ತದೆ. ಉಳಿ ಮುಟ್ಟದೆಯೇ ಗುಂಡಾದ ಇಂಥ ಕಲ್ಲುಗಳು ಆ ಕಡೆಯ ಹಳ್ಳಗಳಲ್ಲಿ, ದಿಬ್ಬಗಳಲ್ಲಿ ಬಿದ್ದಿರುತ್ತವೆ.

ಗುಂಡಿನ ಗಾತ್ರ ಕಣ್ಣಿಗೆ ಮೋಸ ಮಾಡುತ್ತದೆ. ಕರಿಗಲ್ಲಿನ ತೂಕ ನೀರಿಗಿಂತ ಸುಮಾರು 2.9 ಪಟ್ಟು. 50 ಕೆ.ಜಿ. ಗುಂಡಿನ ಅಡ್ಡಗಲ 32 ಸೆಂ.ಮೀ. ಇದ್ದರೆ 100 ಕೆ.ಜಿ.ಯದು 40 ಸೆಂ.ಮೀ., 200 ಕೆ.ಜಿ.ಯದು 51 ಸೆಂ.ಮೀ. ಅಡ್ಡಗಲ ಒಂದು ಗೇಣಿಗಿಂತಲೂ ಕಡಿಮೆ ಹೆಚ್ಚಾಗುವಷ್ಟರಲ್ಲಿ ತೂಕ ನಾಲ್ಕು ಪಟ್ಟು! ಜಾತ್ರೆಗೆ ಬಂದ ಹೊಸಬರು ನಡುವಿನ ಗುಂಡು ಎತ್ತಿದ ಹುಮ್ಮಸ್ಸಿನಲ್ಲಿ ದೊಡ್ಡದಕ್ಕೆ ನುಗ್ಗಿ ನಾಚಿಕೊಳ್ಳುವುದು ಇದರಿಂದ. ಆಟದಲ್ಲೂ ಕಲ್ಲಿನ ತೂಕ ಮೊದಲೇ ಹೇಳಕೂಡದು, ಅಡ್ಡಗಲ ಮಾತ್ರ ಹೇಳಬೇಕು ಎಂದು ನೋಟುಬುಕ್ಕಿನಲ್ಲಿ ಬರೆದುಕೊಂಡೆವು.

ಇನ್ನು ಮುತ್ಯಾ ಹೇಳಿದ ತೆಕ್ಕೆ. ಇದೇ ಈ ಅಧ್ಯಾಯದ ತಿರುಳಾದ್ದರಿಂದ ಸ್ವಲ್ಪ ನಿಧಾನವಾಗಿ ನೋಡೋಣ.

ಬಾಗಿ ಭಾರ ಎತ್ತುವಾಗ ನಮ್ಮ ಬೆನ್ನು ಒಂದು ಸನ್ನೆಗೋಲು. ಅದರ ಆಧಾರಬಿಂದು ಟೊಂಕದ ಕೆಳಗಿನ ಬೆನ್ನುಮೂಳೆಯ ಗಿಣ್ಣು. ಒಂದು ಕಡೆ ಕಲ್ಲು, ಇನ್ನೊಂದು ಕಡೆ ಬೆನ್ನುಮೂಳೆಯ ಹಿಂದೆ ಉದ್ದಕ್ಕೂ ಇರುವ ಸ್ನಾಯುಗಳು. ಆ ಸ್ನಾಯುಗಳು ಗಿಣ್ಣಿನಿಂದ ಬರೀ 5 ಸೆಂ.ಮೀ. ಆಸುಪಾಸು ಹಿಂದಿವೆ. 100 ಕೆ.ಜಿ. ಕಲ್ಲಿನ ನಡುಮಧ್ಯ ಗಿಣ್ಣಿನಿಂದ 40 ಸೆಂ.ಮೀ. ಮುಂದಿದ್ದರೆ, ದೂರದ ಅನುಪಾತ ಎಂಟು. ಅಂದರೆ ಬೆನ್ನಿನ ಸ್ನಾಯು ಎಳೆಯಬೇಕಾದದ್ದು 800 ಕೆ.ಜಿ. ಭಾರದಷ್ಟು ಬಲ. ಅದೇ ಕಲ್ಲನ್ನು ಹೊಟ್ಟೆಗೆ ಒತ್ತಿಕೊಂಡು 25 ಸೆಂ.ಮೀ.ಗೆ ತಂದರೆ 500 ಕೆ.ಜಿ. ಸಾಕು. ಮೈಯ ಮೇಲ್ಭಾಗದ ತೂಕವನ್ನು ನಾನಿಲ್ಲಿ ಬಿಟ್ಟಿದ್ದೇನೆ; ಸೇರಿಸಿದರೆ ಎರಡೂ ಅಂಕಿ ಇನ್ನೂ ಏರುತ್ತವೆ. ಕಲ್ಲು ಒಂದು ಗುಂಜಿಯೂ ಹಗುರವಾಗಿಲ್ಲ. ಅದು ಒಂದು ಗೇಣಿಗಿಂತ ಕಡಿಮೆ ದೂರ ಸರಿಯಿತು, ಅಷ್ಟರಲ್ಲೇ ಬೆನ್ನಿಗೆ 300 ಕೆ.ಜಿ.ಯಷ್ಟು ಉಳಿತಾಯ.

ಮೊಣಕಾಲು, ಎದೆ, ಹೆಗಲು ಎಂಬ ಮೆಟ್ಟಿಲುಗಳ ಜಾಣತನ ಇಲ್ಲಿದೆ. ನೆಲದಿಂದ ಮೊಣಕಾಲಿಗೆ ಬರುವಾಗ ಕಲ್ಲು ಮೈಯಿಂದ ಅತಿ ದೂರ ಇರುತ್ತದೆ. ಅದು ಬೆನ್ನಿನ ಪರೀಕ್ಷೆ. ತೊಡೆಯಿಂದ ಎದೆಗೆ ಬರುವಾಗ ಕಾಲು, ಟೊಂಕಗಳ ಪರೀಕ್ಷೆ. ಕೈ ಹಿಡಿತ ಬದಲಿಸುವ ಆ ಒಂದು ಕ್ಷಣ ತೋಳುಗಳದು. ಹೆಗಲಿಗೆ ಏರುವಾಗ ಉಸಿರು, ಸಮತೋಲ, ಎದೆಗಾರಿಕೆ. ಒಂದೇ ಕಲ್ಲು ಮೂರು ಪ್ರಶ್ನೆ ಕೇಳುತ್ತದೆ. ಆಟದ 'ಶಕ್ತಿ 20' ಎಂಬ ಒಂಟಿ ಅಂಕಿಗೆ ಈ ಮೂರನ್ನೂ ಉತ್ತರಿಸುವ ತಾಕತ್ತಿಲ್ಲ.

ಕಲ್ಲಿಗೆ ಹೀಗೆ ಮೆಟ್ಟಿಲು ಕಟ್ಟಿದವರು ನಾವಷ್ಟೇ ಅಲ್ಲ. ಐಸ್‌ಲ್ಯಾಂಡಿನ ದ್ರಿತ್ವಿಕ್ ಬಳಿಯ ಒಂದು ಕಡಲತೀರದಲ್ಲಿ ನಾಲ್ಕು ಕಲ್ಲುಗಳಿವೆ: 154, 100, 54, 23 ಕೆ.ಜಿ. ಪೂರ್ಣಬಲ, ಅರ್ಧಬಲ, ಅರ್ಧಪಾಲು, ಕೈಲಾಗದವ ಎಂಬ ಅರ್ಥದ ಹೆಸರುಗಳು ಅವಕ್ಕೆ. 54 ಕೆ.ಜಿ.ಯ ಕಲ್ಲನ್ನೂ ಎತ್ತಲಾರದವನಿಗೆ ಮೀನು ಹಿಡಿಯುವ ದೋಣಿಯಲ್ಲಿ ಜಾಗ ಸಿಗುತ್ತಿರಲಿಲ್ಲ. ಅಲ್ಲಿ ಕಲ್ಲು ಬದಲಾಗುತ್ತದೆ, ನಮ್ಮಲ್ಲಿ ಕಲ್ಲು ಅದೇ, ಮೈಯ ಮೆಟ್ಟಿಲು ಬದಲಾಗುತ್ತದೆ. ಬಡ ಊರಿಗೆ ನಮ್ಮ ಪದ್ಧತಿಯೇ ಒಗ್ಗುತ್ತದೆ.

ದೂರದ ಈ ಲೆಕ್ಕವನ್ನು ನಿಯಮವಾಗಿ ಬರೆದವರೂ ಇದ್ದಾರೆ, ಆಟಕ್ಕಾಗಿ ಅಲ್ಲ, ದುಡಿಮೆಗಾಗಿ. ಅಮೆರಿಕದ ರಾಷ್ಟ್ರೀಯ ವೃತ್ತಿ ಸುರಕ್ಷತಾ ಸಂಸ್ಥೆ 1991ರಲ್ಲಿ ಪರಿಷ್ಕರಿಸಿದ ಸೂತ್ರ ಹೀಗೆ ಶುರುವಾಗುತ್ತದೆ: ಎಲ್ಲವೂ ಅನುಕೂಲವಾಗಿದ್ದರೆ ಒಬ್ಬ ಕೆಲಸಗಾರ ಎತ್ತಬಹುದಾದದ್ದು 23 ಕೆ.ಜಿ. ಆಮೇಲೆ ಕಳೆಯುತ್ತ ಹೋಗುತ್ತದೆ. ಭಾರ ಮೈಯಿಂದ 25 ಸೆಂ.ಮೀ.ಗಿಂತ ದೂರವಿದ್ದರೆ ಕಡಿತ, 50 ಸೆಂ.ಮೀ. ದೂರಕ್ಕೆ ಸರಿಯಾಗಿ ಅರ್ಧ. ನೆಲಮಟ್ಟದಿಂದ ಎತ್ತಿದರೆ ಕಡಿತ, ಟೊಂಕ ತಿರುವಿದರೆ ಕಡಿತ, ಪದೇ ಪದೇ ಎತ್ತಿದರೆ ಕಡಿತ, ಹಿಡಿಕೆ ಇಲ್ಲದಿದ್ದರೆ ಕಡಿತ. ಅಳಿಯ ಇದನ್ನು ಓದಿ, ತಾನು ನೋಡಿದ ಯಾವ ಆಟದ ನಿಯಮಕ್ಕಿಂತಲೂ ಇದು ಚೆನ್ನಾಗಿದೆ ಎಂದ.

ಆ 23 ಎಂಬ ಅಂಕಿ ಓದಿದಾಗ ನನಗೆ ಸೇಡಂ ಮಾರುಕಟ್ಟೆಯ ಹಮಾಲರು ಕಣ್ಣಮುಂದೆ ಬಂದರು. ತೊಗರಿ ಸುಗ್ಗಿಯಲ್ಲಿ ಅವರ ಬೆನ್ನಿನ ಮೇಲೆ ಕ್ವಿಂಟಲ್ ಚೀಲ ಏರುತ್ತಿದ್ದುದನ್ನು ನೋಡುತ್ತ ಬೆಳೆದವನು ನಾನು. ವಾಡಿ, ಸೇಡಂಗಳ ಕಾರ್ಖಾನೆಗಳಿಂದ ಹೊರಬರುವ ಸಿಮೆಂಟಿನ ಒಂದು ಚೀಲ 50 ಕೆ.ಜಿ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1967ರಲ್ಲೇ, ಒಬ್ಬ ಗಂಡಾಳು ಹೊರುವ ಭಾರ 55 ಕೆ.ಜಿ. ದಾಟಿದ್ದಲ್ಲಿ ಬೇಗ ಅಷ್ಟಕ್ಕೆ ಇಳಿಸಬೇಕೆಂದು ಶಿಫಾರಸು ಮಾಡಿತ್ತು. ಹಮಾಲರ ಕಸುಬಿನಲ್ಲೂ ಮುತ್ಯಾನ ವಿದ್ಯೆಯೇ ಇದೆ: ಇಬ್ಬರು ಚೀಲ ಎತ್ತಿಕೊಡುತ್ತಾರೆ, ಹೊರುವವನು ಬೆನ್ನು ಒಡ್ಡುತ್ತಾನೆ, ಭಾರ ಬೆನ್ನುಮೂಳೆಯ ನೇರಕ್ಕೆ ಬೀಳುವಂತೆ ಒಂದು ಸಲ ಕೊಡವಿ ಕೂಡಿಸಿಕೊಳ್ಳುತ್ತಾನೆ. ಅಲ್ಲಿಗೆ ಸನ್ನೆಗೋಲಿನ ಉದ್ದನೆಯ ತೋಳು ಮಾಯ. ಶಹಾಬಾದಿನ ಖಣಿಯಲ್ಲಿ ಹೆಣ್ಣುಮಕ್ಕಳು ತಲೆಯ ಮೇಲೆ ಸಿಂಬೆ ಇಟ್ಟು ಕಲ್ಲು ಹೊರುವುದೂ ಇದೇ ತತ್ವ. ಆದರೆ ಗುಂಡು ವರ್ಷಕ್ಕೆ ಒಂದು ಸಂಜೆಯದು; ಚೀಲ ದಿನಕ್ಕೆ ನೂರಾರು ಸಲದ್ದು. ಕಸುಬು ಎಷ್ಟೇ ಜಾಣತನದ್ದಾದರೂ ನಲವತ್ತರೊಳಗೆ ಮೊಣಕಾಲು, ಬೆನ್ನು ಸವೆದುಹೋದವರು ನನ್ನ ಓಣಿಯಲ್ಲೇ ಇದ್ದಾರೆ. ಅವರನ್ನು ಬಲಶಾಲಿಗಳು ಎಂದು ಹೊಗಳಿ ಸುಮ್ಮನಾಗಲು ನನಗೆ ಮನಸ್ಸಾಗುವುದಿಲ್ಲ.

ಇನ್ನು ಹಿಡಿತದ ಮಾತು. ಕುಂದಾಪುರದ ಗುರುರಾಜ ಪೂಜಾರಿ 2018ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 56 ಕೆ.ಜಿ. ವಿಭಾಗದ ಬೆಳ್ಳಿ ಗೆದ್ದಾಗ ಕ್ಲೀನ್ ಅಂಡ್ ಜರ್ಕ್‌ನಲ್ಲಿ ಎತ್ತಿದ್ದು 138 ಕೆ.ಜಿ., ತಮ್ಮ ಮೈತೂಕದ ಎರಡೂವರೆ ಪಟ್ಟಿನ ಹತ್ತಿರ. ಗಂಡಸರ ಆ ಕಂಬಿಯ ದಪ್ಪ 28 ಮಿ.ಮೀ.; ಬೆರಳು ಪೂರಾ ಸುತ್ತಿಕೊಳ್ಳುತ್ತದೆ. ಗುಂಡಿಗೆ ಸುತ್ತಿಕೊಳ್ಳಲು ಏನಿದೆ? 40 ಸೆಂ.ಮೀ. ಗುಂಡಿನ ಸುತ್ತಳತೆ ಒಂದೂಕಾಲು ಮೀಟರ್ ದಾಟುತ್ತದೆ. ಅಲ್ಲಿ ಕಲ್ಲು ಜಾರದಂತೆ ತಡೆಯುವುದು ಚರ್ಮ ಮತ್ತು ಕಲ್ಲಿನ ನಡುವಿನ ಘರ್ಷಣೆ ಒಂದೇ. ಜಾರುವ ಬಲ ಹೆಚ್ಚಿದಷ್ಟೂ ಎರಡು ಕೈಗಳು ಒಳಕ್ಕೆ ಒತ್ತಬೇಕು. ಬೆವರು ಬಂತೋ, ಅದೇ ಕಲ್ಲಿಗೆ ಒತ್ತುವ ಬಲ ಇನ್ನಷ್ಟು ಬೇಕು. ಮುತ್ಯಾ ಎದೆಗೂ ಮಣ್ಣು ಒರೆಸಿದ್ದು ಇದಕ್ಕೇ. ಎದೆಯೂ ಒಂದು ಮೂರನೆಯ ಕೈ. ನೋಟುಬುಕ್ಕಿನಲ್ಲಿ ಬರೆದೆವು: ಒಣಮಣ್ಣು ಇದ್ದರೆ ಕಲ್ಲು ಹತ್ತನೇ ಒಂದು ಪಾಲು ಹಗುರ, ಮಳೆ ಬಂದರೆ ಐದನೇ ಒಂದು ಪಾಲು ಭಾರ. ಈ ಎರಡು ಅಂಕಿಗಳು ನಮ್ಮ ಆಟದ ಅಂದಾಜು, ಅಳೆದವಲ್ಲ.

ಆಟದ ಪುಸ್ತಕದಲ್ಲಿ ತಳ್ಳುವುದಕ್ಕೂ ಎತ್ತುವುದಕ್ಕೂ ಒಂದೇ ಅಂಕಿ ಇದೆ: ಶಕ್ತಿಯನ್ನು 30ರಿಂದ ಗುಣಿಸಿದಷ್ಟು ಪೌಂಡು. ಸಾಧಾರಣನಿಗೆ 300 ಪೌಂಡು, ಅಂದರೆ 136 ಕೆ.ಜಿ. ಇದನ್ನು ಓದಿದಾಗ ನನಗೆ ವಾಡಿ ಜಂಕ್ಷನ್ ನೆನಪಾಯಿತು. 1874ರಲ್ಲಿ ನಿಜಾಮರ ರೈಲು ಸಿಕಂದರಾಬಾದಿನಿಂದ ಬಂದು ಕೂಡಿಕೊಂಡ ಜಾಗ ಅದು. ಖಾಲಿ ಸರಕಿನ ಡಬ್ಬಿಯೊಂದು 25 ಟನ್ ತೂಗುತ್ತದೆ ಎನ್ನೋಣ. ಉಕ್ಕಿನ ಹಳಿಯ ಮೇಲೆ ಉಕ್ಕಿನ ಗಾಲಿ ಉರುಳುವಾಗ ತಡೆ ತೂಕದ ಸಾವಿರಕ್ಕೆ ಎರಡು ಪಾಲಿನಷ್ಟು. ಒಮ್ಮೆ ಹೊರಟ ಡಬ್ಬಿಯನ್ನು ಸಮತಟ್ಟು ಹಳಿಯ ಮೇಲೆ ಉರುಳಿಸುತ್ತ ಇರಲು 50 ಕೆ.ಜಿ.ಯಷ್ಟು ಬಲ ಸಾಕು. ಇಬ್ಬರು ಆಳು ನಿಭಾಯಿಸುತ್ತಾರೆ. ಹೊರಡಿಸಲು ಇನ್ನೊಂದಿಷ್ಟು ಹೆಚ್ಚು ಬೇಕು. 400 ಮೀಟರಿಗೆ ಒಂದು ಮೀಟರ್ ಏರು ಇದ್ದರೆ ಮಾತ್ರ ಬೇಕಾದ ಬಲ ಎರಡು ಪಟ್ಟು ದಾಟುತ್ತದೆ. ಕಣ್ಣಿಗೆ ಕಾಣದ ಆ ಏರು ಇಬ್ಬರನ್ನೂ ನಿಲ್ಲಿಸುತ್ತದೆ. ಇನ್ನು ಮಳೆಗಾಲದಲ್ಲಿ ನಮ್ಮ ಎರೆಮಣ್ಣಿನ ಹೊಲದ ದಾರಿಗೆ ಬನ್ನಿ. ಮೆತ್ತನೆಯ ನೆಲದಲ್ಲಿ ಬಂಡಿಯ ಗಾಲಿಗೆ ತಡೆ ತೂಕದ ಹತ್ತನೇ ಒಂದು ಪಾಲು, ಕೆಲವೊಮ್ಮೆ ಐದನೇ ಒಂದು. ಅರ್ಧ ಟನ್ನಿನ ಬಂಡಿಗೆ ಇಡೀ ಡಬ್ಬಿಯಷ್ಟೇ ಬಲ, ಕೆಲವೊಮ್ಮೆ ಅದರ ಎರಡು ಪಟ್ಟು! 25 ಟನ್ ತಳ್ಳಿದವನು ಅರ್ಧ ಟನ್ನಿಗೆ ಸೋಲುತ್ತಾನೆ. ಆದ್ದರಿಂದ ತಳ್ಳುವ ನಿಯಮದಲ್ಲಿ ಮೊದಲ ಪ್ರಶ್ನೆ ನೆಲದ್ದು, ಎರಡನೆಯದು ಗಾಲಿಯದು. ಆಳಿನ ಬಲ ಮೂರನೆಯದು.

ರಾಕ್ಷಸರ ವಿಷಯಕ್ಕೂ ಒಂದು ಮಾತು, ಏಕೆಂದರೆ ಇಂಥ ಆಟದಲ್ಲಿ ಅವರಿಲ್ಲದೆ ಕಥೆಯಿಲ್ಲ. ಗಾತ್ರ ಒಂದು ಮೆಟ್ಟಿಲು ಏರಿದರೆ ಹೊರುವ ಭಾರ ಎರಡು ಪಟ್ಟು ಎನ್ನುತ್ತದೆ ಪುಸ್ತಕ. 1638ರಲ್ಲಿ ಗೆಲಿಲಿಯೋ ಬರೆದ ಲೆಕ್ಕ ಬೇರೆ. ಎತ್ತರ, ಅಗಲ, ದಪ್ಪ ಮೂರೂ ಎರಡು ಪಟ್ಟಾದರೆ ಸ್ನಾಯುವಿನ ಅಡ್ಡಕೊಯ್ತ ನಾಲ್ಕು ಪಟ್ಟು, ಮೈತೂಕ ಎಂಟು ಪಟ್ಟು. ಬಲ ಅಡ್ಡಕೊಯ್ತವನ್ನು ಅನುಸರಿಸುತ್ತದೆ. ಹಾಗಾಗಿ ರಾಕ್ಷಸ ನಾಲ್ಕು ಪಟ್ಟು ಕಲ್ಲು ಎತ್ತಬಲ್ಲ, ಆದರೆ ತನ್ನ ತೂಕದ ಲೆಕ್ಕದಲ್ಲಿ ನಮ್ಮ ಅರ್ಧದಷ್ಟೇ ಬಲಶಾಲಿ. ಕೂತವನು ಏಳುವುದೇ ಅವನಿಗೊಂದು ಸಾಹಸ. ಇರುವೆ ತನ್ನ ತೂಕದ ಎಷ್ಟೋ ಪಟ್ಟು ಹೊರುವುದೂ ಇದೇ ಲೆಕ್ಕದ ಇನ್ನೊಂದು ತುದಿ. ಗುಂಡಿನ ಬುಡದ ನಮ್ಮ ಇರುವೆಗಳನ್ನು ನಮ್ಮಷ್ಟು ದೊಡ್ಡದು ಮಾಡಿದರೆ ಅವುಗಳ ಕಾಲೇ ಮುರಿದೀತು.

ಹಲಗೆಗೆ ಏನು ಬೆಲೆ ಕೊಡಬೇಕು ಎಂದು ಅಳಿಯ ಕೇಳಿದ. ಜನ ಕೂಗಿದರೆ ಬಲ ಹೆಚ್ಚುತ್ತದೆಯೇ? ಹೆಚ್ಚುತ್ತದೆ, ಅಳೆದವರಿದ್ದಾರೆ. 1961ರಲ್ಲಿ ಇಕಾಯಿ ಮತ್ತು ಸ್ಟೈನ್‌ಹಾಸ್ ಎಂಬ ಸಂಶೋಧಕರು ಮೊಣಕೈ ಮಡಿಸುವ ಬಲ ಅಳೆಯುತ್ತ, ಕೆಲವು ಸಲ ಬೆನ್ನ ಹಿಂದೆ ಪಿಸ್ತೂಲಿನ ಸದ್ದು ಮಾಡಿಸಿದರು, ಕೆಲವು ಸಲ ಎಳೆಯುವವರಿಗೇ ಗಟ್ಟಿಯಾಗಿ ಕೂಗಲು ಹೇಳಿದರು. ಸದ್ದಿಗೆ ಬಲ ಸುಮಾರು ಶೇ. 7 ಹೆಚ್ಚಿತು, ಸ್ವಂತ ಕೂಗಿಗೆ ಸುಮಾರು ಶೇ. 12. ಸ್ನಾಯುವಿನಲ್ಲಿ ಇರುವ ಬಲವನ್ನೆಲ್ಲ ಮಿದುಳು ಸುಮ್ಮನೆ ಬಿಟ್ಟುಕೊಡುವುದಿಲ್ಲ. ಕೂಗು ಆ ಹಿಡಿತವನ್ನು ತುಸು ಸಡಿಲಿಸುತ್ತದೆ. ಗುಂಡು ಎತ್ತುವವರು ಎದೆಗೆ ತರುವಾಗ 'ಹಣಮಪ್ಪಾ' ಎಂದು ಕೂಗುವುದನ್ನು ನಾನು ಬರೀ ಭಕ್ತಿ ಎಂದುಕೊಂಡಿದ್ದೆ. ಭಕ್ತಿಯ ಜೊತೆಗೆ ಶೇ. 12 ಕೂಡ ಅದರಲ್ಲಿದೆ. ಹೊಸಬರು ತರಬೇತಿಯ ಮೊದಲ ಕೆಲವು ವಾರಗಳಲ್ಲಿ ಮೈ ಬೆಳೆಯದೆಯೇ ಬಲ ಬೆಳೆಸಿಕೊಳ್ಳುವುದೂ ಹೀಗೆಯೇ, ನರಗಳು ಸ್ನಾಯುವಿನ ಎಳೆಗಳನ್ನು ಒಟ್ಟಿಗೆ ಎಬ್ಬಿಸಲು ಕಲಿಯುವುದರಿಂದ. ಇದಕ್ಕೊಂದು ಎಚ್ಚರಿಕೆಯೂ ಬೇಕು. ಉಸಿರು ಬಿಗಿಹಿಡಿದು ಅತಿಭಾರ ಒತ್ತುವಾಗ ರಕ್ತದೊತ್ತಡ ಎಲ್ಲಿಗೆ ಏರುತ್ತದೆಂದು 1985ರಲ್ಲಿ ಕೆನಡಾದಲ್ಲಿ ಅಳೆದಾಗ ದೇಹದಾರ್ಢ್ಯ ಪಟುಗಳಲ್ಲಿ ಸರಾಸರಿ 320ಕ್ಕೆ 250 ಬಂದಿತ್ತು. ಒತ್ತಡದ ಗುಳಿಗೆ ನುಂಗುವ ಹಿರಿಯರು ಹಳೆಯ ಹುರುಪಿನಲ್ಲಿ ಗುಂಡಿಗೆ ಕೈ ಹಾಕಬಾರದು.

ಕೊನೆಗೆ ನಮ್ಮ ನಿಯಮ ಹೀಗೆ ನಿಂತಿತು. ಮೊದಲು ಭಾರವನ್ನು ಮೈಯಿಂದ ಇರುವ ದೂರದಿಂದ ಗುಣಿಸು. ಹಿಡಿತ, ನೆಲ, ಕೂಗುಗಳ ಪಾಲು ಕೂಡಿಸು ಕಳೆ. ಬಂದದ್ದು ಪಾತ್ರದ ಬಲದ ಹತ್ತರಲ್ಲಿ ಒಂಬತ್ತು ಪಾಲಿಗಿಂತ ಕಡಿಮೆ ಇದ್ದರೆ ದಾಳ ಬೇಡ, ಕಲ್ಲು ಎದ್ದಿತು. ಹತ್ತರಲ್ಲಿ ಹನ್ನೊಂದು ಪಾಲು ಮೀರಿದರೂ ದಾಳ ಬೇಡ, ಏಳಲಿಲ್ಲ. ನಡುವಿನ ಪಟ್ಟಿಯಲ್ಲಿ ಮಾತ್ರ ದಾಳ. ಅದೂ 20 ಮುಖದ್ದು ಬೇಡ, ನಮ್ಮ ಮಾಮೂಲಿ ಆರು ಮುಖದವು ಮೂರು. ಏಕೆಂದರೆ ಮೂರು ದಾಳಗಳ ಮೊತ್ತ ಬಹುಪಾಲು ನಡುಮಧ್ಯದಲ್ಲಿ ಬೀಳುತ್ತದೆ, ತುದಿಗಳು ಅಪರೂಪ. ಹಿಂದಿನ ಲೆಕ್ಕವನ್ನೇ ಮೂರು ದಾಳದಲ್ಲಿ ಹಾಕಿ ನೋಡಿ: 15 ಮುಟ್ಟಲು ಸಾಧಾರಣನಿಗೆ ನೂರರಲ್ಲಿ 9 ಅವಕಾಶ, ಪೈಲ್ವಾನನಿಗೆ 62. ಮೊದಲಿನ 30 ಮತ್ತು 55ಕ್ಕೆ ಹೋಲಿಸಿದರೆ ಇದು ನಮ್ಮ ಗುಡಿಯ ಅಂಗಳಕ್ಕೆ ಎಷ್ಟೋ ಹತ್ತಿರ. ಪ್ರತಿ ಮೆಟ್ಟಿಲಿಗೂ ಬೇರೆ ಒಗೆತ: ಮೊಣಕಾಲು, ಎದೆ, ಹೆಗಲು.

ರಜೆ ಮುಗಿಯುವ ಮುನ್ನ ಒಂದು ಸಂಜೆ ಓಣಿಯ ನಾಲ್ಕು ಹುಡುಗ ಹುಡುಗಿಯರನ್ನು ಕೂಡಿಸಿಕೊಂಡು ಆಡಿಸಿದ. ಕಥೆ ನಡೆಯುತ್ತಿದ್ದುದು ಮಳಖೇಡದ ಕೋಟೆಯಲ್ಲಿ. ಕಾಗಿಣಾ ನದಿ ತುಂಬಿ ಬರುತ್ತಿದೆ, ಮೇಲಕ್ಕೆ ಹತ್ತುವ ಮೆಟ್ಟಿಲಿಗೆ ಅಡ್ಡವಾಗಿ ಆರು ಅಡಿ ಉದ್ದ, ಮೂರು ಅಡಿ ಅಗಲ, ಮೂರು ಇಂಚು ದಪ್ಪದ ಸುಣ್ಣಗಲ್ಲಿನ ಚಪ್ಪಡಿ ಬಿದ್ದಿದೆ. ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ: 330 ಕೆ.ಜಿ.ಗೂ ಹೆಚ್ಚು. ಯಾರ ಬಲಕ್ಕೂ ನಿಲುಕದ್ದು. ದೊಡ್ಡ ಪೈಲ್ವಾನನ ಪಾತ್ರ ವಹಿಸಿದ್ದ ಹುಡುಗ ಆಗಲೇ ದಾಳಗಳನ್ನು ಮುಷ್ಟಿಯಲ್ಲಿ ಕುಲುಕುತ್ತಿದ್ದ.

ಶಹಾಬಾದಿನಿಂದ ಅತ್ತೆಯ ಮನೆಗೆ ಬಂದಿದ್ದ ಹನ್ನೊಂದು ವರ್ಷದ ಹುಡುಗಿಯೊಬ್ಬಳು ಅವನ ಕೈ ಹಿಡಿದು ನಿಲ್ಲಿಸಿದಳು. ಅವಳ ಅಪ್ಪ ಫರ್ಸಿ ಖಣಿಯಲ್ಲಿ ದುಡಿಯುವವನು.

"ಅಣ್ಣಾ," ಎಂದು ನನ್ನ ಅಳಿಯನನ್ನು ಕೇಳಿದಳು, "ಕಲ್ಲಿನ ಬುಡಕ ಹಾರಿ ಹಾಕಲಾಕ ಜಾಗಾ ಅದ ಏನು?"

ಒಂದು ಅಂಚನ್ನಷ್ಟೇ ಎಬ್ಬಿಸಲು ಅರ್ಧ ತೂಕ ಸಾಕು. ಒಂದೂವರೆ ಮೀಟರಿನ ಹಾರೆಗೆ ತುದಿಯಿಂದ 10 ಸೆಂ.ಮೀ.ಗೆ ಒಂದು ಕಲ್ಲು ಆನಿಸಿದರೆ ಹದಿನಾಲ್ಕು ಪಟ್ಟು ಬಲ. ಅವಳು ಒತ್ತಬೇಕಾದದ್ದು 12 ಕೆ.ಜಿ.ಯಷ್ಟು. ಅಳಿಯ ನನ್ನ ಮುಖ ನೋಡಿದ. ನಾನು ಸುಮ್ಮನಿದ್ದೆ. ಅವನು ನೋಟುಬುಕ್ಕಿನ ಹಾಳೆ ತಿರುವಿ ಪೆನ್ನು ಹುಡುಕತೊಡಗಿದ. ಅಷ್ಟರಲ್ಲಿ ಆ ಹುಡುಗಿ ಮೇಜಿನ ಮೇಲಿದ್ದ ಸ್ಕೇಲು ತೆಗೆದುಕೊಂಡು, ಒಂದು ದಾಳವನ್ನು ಅದರ ಕೆಳಗೆ ಆನಿಸಿ, ತುದಿಯನ್ನು ಪುಸ್ತಕದ ಬುಡಕ್ಕೆ ತೂರಿಸಿ, ಉಳಿದವರಿಗೆ ಎಲ್ಲಿ ಒತ್ತಬೇಕೆಂದು ತೋರಿಸುತ್ತಿದ್ದಳು.